ಧಾತು ಗಟ್ಟಿಯಾದ ಬಗೆ

ಗಂಡಸರ ಕಾಯಿಲೆಗಳಲ್ಲಿ ಎರಡು ಬಗೆ. ಒಂದು, ಕಟ್ಟೆಯ ಮೇಲೆ ಕೂತು ನಾಲ್ಕು ಮಂದಿಗೆ ಬಿಡಿಸಿ ಬಿಡಿಸಿ ಹೇಳುವಂಥದ್ದು. ಮೊಣಕಾಲು ನೋವು, ಪಿತ್ತ, ಸಕ್ಕರೆ ಕಾಯಿಲೆ ಎಲ್ಲ ಈ ಗುಂಪಿನವು. ಮೂಲವ್ಯಾಧಿಯನ್ನು ಕೂಡ ನಮ್ಮ ಕಡೆಯವರು ಚಹಾ ಕುಡಿಯುತ್ತ ಕುಡಿಯುತ್ತಲೇ ವರ್ಣಿಸಬಲ್ಲರು. ಇನ್ನೊಂದು ಬಗೆಯದು ಹಾಗಲ್ಲ. ಅದನ್ನು ಸ್ವಂತ ಊರಿನಲ್ಲಿ ಯಾರಿಗೂ ಹೇಳದೆ, ಪರ ಊರಿಗೆ ಹೋಗಿ, ಗುರುತಿಲ್ಲದವರ ಮುಂದೆ ಅರ್ಧ ಮಾತಿನಲ್ಲಿ ಹೇಳಿ, ಉಳಿದರ್ಧವನ್ನು ಅವರೇ ತಿಳಿದುಕೊಳ್ಳಲಿ ಎಂದು ನೆಲ ನೋಡುತ್ತ ನಿಲ್ಲಬೇಕು. ನಾನೂ ಒಂದು ಕಾಲಕ್ಕೆ ಹಾಗೆ ನೆಲ ನೋಡುತ್ತ ನಿಂತವನು. ಅವರು ಉಳಿದರ್ಧವನ್ನು ಏನೆಂದು ತಿಳಿದುಕೊಂಡರು ಎಂಬುದನ್ನು ಇಷ್ಟು ವರ್ಷ ಹೆಂಡತಿಯೊಬ್ಬಳನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಈಗ ತೊಂಬತ್ತು ದಾಟಿದೆ, ಇನ್ನು ನಾಚಿಕೆಗೆ ಇಟ್ಟುಕೊಂಡು ಏನು ಮಾಡಲಿ?

ಹೇಳಬೇಕೆನಿಸಿದ್ದು ಮೊನ್ನೆ. ತಂಗಿಯ ಮೊಮ್ಮಗ ಗದಗಿನಿಂದ ಬಂದಿದ್ದ. ಊಟಕ್ಕೆ ಕೂತಾಗ, ಎಲ್ಲರ ಎದುರಿಗೆ, ರೊಟ್ಟಿ ಮುರಿಯುತ್ತ, "ಅಜ್ಜಾ, ರಕ್ತ ತಪಾಸ ಮಾಡಿಸಿದ್ನಿ. ನನಗ ಟೆಸ್ಟೋಸ್ಟೆರಾನ್ ಇರಬೇಕಾದಷ್ಟು ಇಲ್ಲಂತ" ಎಂದ. ಅದೇನೆಂದು ಕೇಳಿದೆ. "ಗಂಡಸುತನದ ಹಾರ್ಮೋನ್ ಅಜ್ಜಾ. ಡಾಕ್ಟರ್ ಗುಳಗಿ ಕೊಟ್ಟಾರ. ನಮ್ಮ ಜಿಮ್ಮಿನ್ಯಾಗ ಮೂರು ಮಂದಿ ತಗೊಳ್ಳಾಕತ್ತಾರ" ಎಂದು ಹೇಳಿ, ಇನ್ನಷ್ಟು ಪಲ್ಯ ಹಾಕಿಸಿಕೊಂಡ. ಬಡಿಸುತ್ತಿದ್ದ ತಂಗಿಯ ಕೈ ಗಾಳಿಯಲ್ಲೇ ನಿಂತಿತು. ನನಗೆ ಮಾತ್ರ ಅವನ ಮೇಲೆ ಹೊಟ್ಟೆಕಿಚ್ಚಾಯಿತು. ಅವನ ಬಳಿ ಕಾಗದವಿತ್ತು. ಕಾಗದದ ಮೇಲೆ ಅಂಕಿ ಇತ್ತು, ಅಂಕಿಯ ಮುಂದೆ ವೈದ್ಯರ ಸಹಿ ಇತ್ತು. ನಮ್ಮ ಕಾಲದಲ್ಲಿ ಇದ್ದದ್ದು ಗೋಡೆಗೆ ತೂಗುಹಾಕಿದ ಕನ್ನಡಿಯೊಂದೇ. ಮೀಸೆ ಇದೆಯೋ ಇಲ್ಲವೋ ಎಂದು ಅದು ಹೇಳುತ್ತಿತ್ತು. ಉಳಿದದ್ದನ್ನು ಜನ ಹೇಳುತ್ತಿದ್ದರು.

ನನಗಾಗ ಇಪ್ಪತ್ನಾಲ್ಕು. ಹೆಸರು ವೀರಭದ್ರಪ್ಪ. ಹೆಸರು ಕೇಳಿ ಬಂದವರು ನನ್ನನ್ನು ನೋಡಿ, ಹಿಂದೆ ಇನ್ನೊಬ್ಬರು ಯಾರಾದರೂ ಇದ್ದಾರೆಯೇ ಎಂದು ಇಣುಕುತ್ತಿದ್ದರು. ಹುಟ್ಟಿದ್ದು ಲಕ್ಷ್ಮೇಶ್ವರದಲ್ಲಿ, ನೌಕರಿ ಶಿರಹಟ್ಟಿಯ ಕಚೇರಿಯಲ್ಲಿ, ಕಾರಕೂನ. ಎರಡೂ ನಿನ್ನೆ ಮೊನ್ನೆಯವರೆಗೆ ಸಂಸ್ಥಾನದ ಊರುಗಳು. ದೊರೆಗಳದು ಮರಾಠಿ, ಆದ್ದರಿಂದ ಕಚೇರಿಯ ಕಾಗದವೂ ಮರಾಠಿ. ನೌಕರಿ ಸಿಗಲೆಂದು ಅಪ್ಪ ನನ್ನನ್ನು ಮರಾಠಿ ಶಾಲೆಗೇ ಹಾಕಿದ್ದ. ಮನೆಯಲ್ಲಿ ಕನ್ನಡದಲ್ಲಿ ಜಗಳವಾಡಿ, ಕಚೇರಿಗೆ ಬಂದು ಮರಾಠಿಯಲ್ಲಿ ಟಿಪ್ಪಣಿ ಬರೆಯುವ ಜನ ನಾವು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದರೂ ಕಪಾಟಿನ ಕಾಗದಗಳಿಗೆ ಅದು ಇನ್ನೂ ತಿಳಿದಿರಲಿಲ್ಲ.

ಇನ್ನು ನನ್ನ ಧ್ವನಿ. ಅದು ಹದಿನಾರನೆಯ ವಯಸ್ಸಿಗೆ ಒಡೆಯಬೇಕಿತ್ತು, ಒಡೆಯಲಿಲ್ಲ. ಕಚೇರಿಯ ಬಾಗಿಲಲ್ಲಿ ನಿಂತು ಪಕ್ಷಗಾರರ ಹೆಸರು ಕರೆದರೆ, ಹೊರಗೆ ಬೇವಿನ ಮರದ ಕೆಳಗೆ ಕೂತ ರೈತರು, "ಒಳಗ ಅಕ್ಕೋರು ಕರ್ಯಾಕತ್ತಾರ, ನಡೀರಿ" ಎಂದು ಏಳುತ್ತಿದ್ದರು. ಶಾಲೆಯಲ್ಲಿ ಪಾಠ ಹೇಳುವ ಹೆಣ್ಣುಮಗಳಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ದೊಡ್ಡಾಟ ಕಲಿಸುವ ಮಾಸ್ತರನೊಬ್ಬ ಎರಡು ವರ್ಷ ನನ್ನ ಬೆನ್ನು ಬಿದ್ದಿದ್ದ. "ರಾಣಿ ಪಾತ್ರ ಮಾಡ್ರಿ ಸಾಹೇಬ್ರ. ಬಣ್ಣ ಸೈತ ಬ್ಯಾಡ, ಸೀರಿ ಉಟ್ಟರ ಸಾಕು" ಎನ್ನುತ್ತಿದ್ದ. ಮೀಸೆಯ ಜಾಗದಲ್ಲಿ ಬೂದು ಬಣ್ಣದ ಒಂದು ಸಂಶಯ ಮಾತ್ರ ಇತ್ತು.

ಇಷ್ಟಿದ್ದೂ ನಾನು ಸುಖವಾಗಿಯೇ ಇದ್ದೆ. ಕೆಡಿಸಿದ್ದು ಪುಠಾಣಿ, ಅಂದರೆ ಹುರಿಗಡಲೆ. ಒಂದು ದಿನ ಪುಠಾಣಿ ಕಟ್ಟಿಕೊಟ್ಟ ಕಾಗದವನ್ನು ಬಿಡಿಸಿ ನೋಡಿದರೆ ಅದರ ಮೇಲೊಂದು ಜಾಹೀರಾತು: ಧಾತುದೌರ್ಬಲ್ಯದ ಲಕ್ಷಣಗಳು. ಗಂಡಸಿನ ಸತ್ವಕ್ಕೆ ಆ ಕಾಲದಲ್ಲಿದ್ದ ಮರ್ಯಾದೆಯ ಹೆಸರು ಧಾತು. ಕ್ಷೀಣ ಧ್ವನಿ, ವಿರಳ ಮೀಸೆ, ತಣ್ಣನೆಯ ಅಂಗೈ, ಸಭೆಯಲ್ಲಿ ಅಂಜಿಕೆ, ಮೇಲಧಿಕಾರಿಯ ಎದುರು ಮರೆವು. ಒಂದೊಂದಾಗಿ ಓದಿದೆ, ಒಂದೊಂದೂ ನನ್ನದೇ. ಕೊನೆಯ ಲಕ್ಷಣ "ಇಂಥ ಪ್ರಕಟಣೆಗಳನ್ನು ಎರಡೆರಡು ಸಲ ಓದುವುದು" ಎಂದಿತ್ತು. ಆಗ ನಾನು ಎರಡನೆಯ ಸಲ ಓದುತ್ತಿದ್ದೆ. ಔಷಧದ ಹೆಸರು ಮತ್ತು ವಿಳಾಸ ಇದ್ದ ಅರ್ಧ ಕಾಗದ ಬೇರೆ ಯಾರದೋ ಪುಠಾಣಿಯ ಜೊತೆ ಹೋಗಿತ್ತು.

ಅದೇ ತಿಂಗಳು ಮುಂಡರಗಿಯಲ್ಲಿ ಒಂದು ಕನ್ಯೆ ನೋಡಲು ಹೋದೆವು. ಹುಡುಗಿಯ ತಂದೆ ಬಸವಂತಪ್ಪನವರು ಒಕ್ಕಲುತನದವರು. ಹಮ್ಮಿಗಿಯಲ್ಲಿ ಹೊಳೆಯ ದಂಡೆಗೆ ಹೊಲ. ಆಚೆ ದಂಡೆಯಲ್ಲಿರುವ ಹರಿಗೋಲಿನವನನ್ನು ಈಚೆಯಿಂದ ಕೂಗಿ ಕೂಗಿ ಹುರಿಗೊಂಡ ಗಂಟಲು ಅವರದು. ಅವರ ಇಬ್ಬರು ತಮ್ಮಂದಿರದೂ ಅಂಥದ್ದೇ. ಮೂವರ ಮೀಸೆಗಳೂ ಪಡಸಾಲೆಯಲ್ಲಿ ಸಾಲಾಗಿ ಕೂತಿದ್ದವು. "ಕಚೇರ್ಯಾಗ ನೀವು ಯಾವ ಕೆಲಸಾ ನೋಡತೀರಿ?" ಎಂದು ಬಸವಂತಪ್ಪನವರು ಕೇಳಿದಾಗ ತೊಲೆಯ ಮೇಲಿನ ಗುಬ್ಬಿ ಹಾರಿತು. ನಾನು ಉತ್ತರ ಹೇಳಿದೆ. ಅವರು ಅಡುಗೆಮನೆಯ ಕಡೆ ತಿರುಗಿ, "ಯಾರವಾ ಒಳಗ ಮಾತಾಡಿದವ್ರು?" ಎಂದರು. ಆಮೇಲೆ ನೀಲವ್ವ ಚಹಾ ತಂದಳು. ಒಂದೇ ಒಂದು ಸಲ ತಲೆಯೆತ್ತಿ ನನ್ನನ್ನು ನೋಡಿದಳು. ನನಗೆ ಅಷ್ಟು ಸಾಕಾಯಿತು. ಆದರೆ ಇವಳಂಥವಳು ನನ್ನನ್ನು ಏಕೆ ಒಪ್ಪುತ್ತಾಳೆ ಎಂದು ಅಲ್ಲೇ ಆಸೆ ಬಿಟ್ಟೆ.

ಎಂಟು ದಿನಕ್ಕೆ ಖಬರು ಬಂತು: ಒಪ್ಪಿಗೆ! ಅಂದು ಕುಣಿದಾಡಿದೆ. ಮರುದಿನ ಪುಠಾಣಿಯ ಕಾಗದ ನೆನಪಾಗಿ ಕೈಕಾಲು ತಣ್ಣಗಾದವು. ಧಾತು ಇಲ್ಲದವನು ಒಂದು ಹುಡುಗಿಯ ಬಾಳು ಹಾಳು ಮಾಡುವುದೇ? ಆಗುವುದಿಲ್ಲ. ಹಾಗಂತ ಅವಳನ್ನು ಬಿಡುವುದೇ? ಅದೂ ಆಗುವುದಿಲ್ಲ. ಉಳಿದ ದಾರಿ ಒಂದೇ, ಮದುವೆಗೆ ಮೊದಲು ನೆಟ್ಟಗಾಗುವುದು. ಅದಕ್ಕೆ ಕಾಲಾವಕಾಶ ಬೇಕಿತ್ತು, ಕಾಲಾವಕಾಶಕ್ಕೆ ನೆಪ ಬೇಕಿತ್ತು. ಏಕೀಕರಣದ ಗಾಳಿ ಬೀಸುತ್ತಿದ್ದ ಕಾಲ. ಬಸವಂತಪ್ಪನವರು ಮುಹೂರ್ತ ಕೇಳಲು ಬಂದಾಗ ನಾನು ಎದ್ದು ನಿಂತು, "ಕನ್ನಡ ನಾಡು ಒಂದಾಗೂಮಟ ನಾ ಮದುವಿ ಆಗಂಗಿಲ್ರಿ. ಪಣಾ ತೊಟ್ಟೀನಿ" ಎಂದುಬಿಟ್ಟೆ. ಅವರ ಕಣ್ಣಲ್ಲಿ ನೀರು ಬಂತು. "ಇಂಥಾ ಅಳಿಯ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕು" ಎಂದು ನನ್ನನ್ನು ಅಪ್ಪಿಕೊಂಡರು. ಮೂರು ದಿನ ಪಕ್ಕೆಲುಬು ನೋಯುತ್ತಿತ್ತು. ಅಂದಿನಿಂದ ಊರೆಲ್ಲ ನಾಡು ಬೇಗ ಒಂದಾಗಲಿ ಎಂದು ಹಾರೈಸುತ್ತಿದ್ದರೆ, ದಿಲ್ಲಿಯವರು ಇನ್ನಷ್ಟು ವಿಚಾರ ಮಾಡಲಿ, ಅವಸರವೇನು, ಎಂದು ಹಾರೈಸುತ್ತಿದ್ದವನು ಬಹುಶಃ ನಾನೊಬ್ಬನೇ. ಇದನ್ನು ಈಗಲೂ ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಚಿಕಿತ್ಸೆ ಶುರುಮಾಡಿದೆ. ಹಟ ಹಿಡಿದರೆ ಬಿಡುವ ಪೈಕಿ ನಾನಲ್ಲ. ಅಕ್ಕ ಬಾಣಂತನಕ್ಕೆ ಬಂದಿದ್ದಳು. ಅವಳಿಗೆಂದು ಅವ್ವ ಮಾಡಿಟ್ಟ ಅಂಟಿನ ಉಂಡಿಯಲ್ಲಿ ಶಕ್ತಿ ಇದೆಯೆಂದು ಕೇಳಿ, ಒಂದು ಡಬ್ಬಿ ಪೂರ್ತಿ ಖಾಲಿ ಮಾಡಿದೆ. ಅವ್ವ ಬೈದಳು, ಅಕ್ಕ ಅತ್ತಳು, ಮೀಸೆ ಬರಲಿಲ್ಲ. ಮಲ್ಲಸಮುದ್ರದ ಒಂದು ಗರಡಿಗೆ ಹೋದೆ. ಅಲ್ಲಿಯ ಉಸ್ತಾದ ನನ್ನ ತೋಳು ಹಿಡಿದು ನೋಡಿ, "ಮೊದಲ ಒಂದ್ ವರ್ಷ ಉಂಡು ಬಾರಪಾ" ಎಂದು ವಾಪಸು ಕಳಿಸಿದ. ದಿನಕ್ಕೆರಡು ಸಲ ಬೋಳಿಸಿದರೆ ಕೂದಲು ದಪ್ಪಗಾಗುತ್ತದೆಂದು ಯಾರೋ ಹೇಳಿದರು. ಅದನ್ನೂ ಮಾಡಿದೆ. ಮೇಲ್ತುಟಿ ಗಾಯವಾಗಿ, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕಚೇರಿಗೆ ಹೋಗುತ್ತಿದ್ದೆ. ಅಷ್ಟರಲ್ಲಿ, ನವೆಂಬರ್ ಒಂದಕ್ಕೆ ನಾಡು ಒಂದಾಗುವುದು ಗಟ್ಟಿ ಎಂಬ ಸುದ್ದಿ ಬಂತು. ಬಜಾರದಲ್ಲಿ ಪೇಢೆ ಹಂಚಿದರು. ನಾನು ಪೇಢೆ ಬಾಯಲ್ಲಿಟ್ಟುಕೊಂಡು ಬೆರಳು ಮಡಿಸಿದೆ. ಐದೇ ತಿಂಗಳು.

ಹಾಗೆ ಮುಖ ಬಾಡಿಸಿಕೊಂಡು ಕೂತಿದ್ದಾಗ ನಮ್ಮ ಹಿರಿಯ ಕಾರಕೂನ ಗೋವಿಂದರಾಯರು ಪಕ್ಕದಲ್ಲಿ ಬಂದು ಕೂತರು. ಆರು ಮಕ್ಕಳ ತಂದೆ. "ಯಾಕೋ ವೀರಭದ್ರಪ್ಪಾ, ನಿನ್ನ ತೊಂದರಿ ನನಗ ತಿಳೀದೇನು? ನನಗೂ ಇತ್ತು" ಎಂದರು ಮೆಲ್ಲಗೆ. ನಾನು ಬೆಚ್ಚಿ ನೋಡಿದೆ. "ಬೆಟಗೇರಿಯೊಳಗ ಒಬ್ಬ ಪಂಡಿತರಿದ್ದಾರ. ಧಾತು ಅಂದರ ಅವರ ಕೈಯಾಗ ಹಿಡಿದಂಗ. ನಮ್ಮ ತಮ್ಮಂದು ಏನೇನೂ ಉಳಿದಿದ್ದಿಲ್ಲ. ನಾಲ್ಕು ತಿಂಗಳದಾಗ ಹುರಿ ಮಾಡಿ ಕಳಿಸಿದರು ನೋಡು. ನಾಚಬ್ಯಾಡ. ಮರಾಠಿ ಸಾಲ್ಯಾಗ ಕಲತವರಿಗೆಲ್ಲಾ ಇದು ಇರೂದ." ಈ ಕೊನೆಯ ಮಾತು ಕೇಳಿದಾಗಲಾದರೂ ನನಗೆ ಸಂಶಯ ಬರಬೇಕಿತ್ತು. ಬರಲಿಲ್ಲ. ಮರಾಠಿ ಶಾಲೆಯ ಕಲ್ಲುಹಾಸಿನ ಮೇಲೆ ಅಷ್ಟು ವರ್ಷ ಕೂತದ್ದೇ ಕಾರಣವಿರಬೇಕು ಎಂದುಕೊಂಡೆ. ನಮ್ಮ ಕಡೆ ಔಷಧ ಕೊಡುವವರೂ ಪಂಡಿತರೇ, ಪಾಠ ಹೇಳುವವರೂ ಪಂಡಿತರೇ. ನನ್ನ ತಲೆಯಲ್ಲಿ ಇದ್ದವರು ಮೊದಲಿನವರು ಮಾತ್ರ.

ಮುಂದಿನ ರವಿವಾರ ಬಸ್ಸು ಹಿಡಿದು ಬೆಟಗೇರಿಗೆ ಹೋದೆ. ಮಗ್ಗಗಳ ಓಣಿ. ಎರಡೂ ಬದಿಗೆ ಲಟಪಟ ಸದ್ದು. ಇದೂ ಒಳ್ಳೆಯದೇ, ಯಾರ ಕಿವಿಗೂ ಬೀಳುವುದಿಲ್ಲ ಎಂದುಕೊಂಡೆ. ಪಂಡಿತರಿಗೆ ಎಪ್ಪತ್ತು ದಾಟಿತ್ತು. ದಾರದಿಂದ ಕಿವಿಗೆ ಕಟ್ಟಿಕೊಂಡ ಕನ್ನಡಕ, ಮಾಸಿದ ಧೋತರ, ನೆಟ್ಟಗಿನ ಬೆನ್ನು. ಕಿವಿ ಸ್ವಲ್ಪ ಮಂದ. ಮನೆಯಲ್ಲಿ ಒಂದು ಸೀಸೆಯಾಗಲಿ ಕುಟ್ಟಾಣಿಯಾಗಲಿ ಕಾಣಲಿಲ್ಲ, ಬರಿಯ ಪುಸ್ತಕ. ದೊಡ್ಡ ವೈದ್ಯರು ಎಂದು ಭಕ್ತಿ ಇಮ್ಮಡಿಸಿತು. ನೆಲ ನೋಡುತ್ತ ನನ್ನ ಅರ್ಧ ಮಾತು ಹೇಳಿದೆ. "ಆಂ? ಗಟ್ಟಿಯಾಗಿ ಹೇಳಪಾ" ಎಂದರು. ಇನ್ನೊಮ್ಮೆ ಹೇಳಿದೆ. "ಕೇಳವಲ್ದು!" ಜೀವ ಗಟ್ಟಿ ಮಾಡಿಕೊಂಡು, "ಧಾತು ಭಾಳ ದುರ್ಬಲ ಐತ್ರಿ!" ಎಂದು ಕಿರುಚಿದೆ. ಅದೇ ಕ್ಷಣಕ್ಕೆ ಪಕ್ಕದ ಮನೆಯವರ ಮಗ್ಗ ನಿಂತಿತು.

"ಎಷ್ಟ ದಿನದಿಂದ?" ಎಂದು ಕೇಳಿದರು ಪಂಡಿತರು.

"ಸಣ್ಣಾಂವಿದ್ದಾಗಿಂದ್ರಿ."

"ಮನ್ಯಾಗ ಹಿರ್ಯಾರು ಯಾರೂ ಲಕ್ಷ್ಯ ಕೊಡಲಿಲ್ಲೇನು?"

"ಇಂಥಾದ್ದು ಮನ್ಯಾಗ ಹ್ಯಾಂಗ ಹೇಳೂದ್ರಿ?"

"ಅದ ನೋಡು ನಮ್ಮ ಮಂದಿ ಮಾಡಿದ ತಪ್ಪು! ತಾಯಿ ತೊಡಿ ಮ್ಯಾಲಿಂದನ ಶುರು ಆಗಬೇಕು. ಇರಲಿ. ಸಕರ್ಮಕ ಅದಾವೋ, ಅಕರ್ಮಕ ಅದಾವೋ?"

"ನನ್ನ ಕರ್ಮಾನ ಅನ್ನಬೇಕ್ರಿ."

ಪಂಡಿತರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. "ಪ್ರತ್ಯಯ ಹಚ್ಚಿ ನೋಡಿಯೇನು?"

"ಅದನ್ನ ಹಚ್ಚಿಲ್ರಿ. ಬರೇ ಕೊಬ್ಬರಿ ಎಣ್ಣಿ ಹಚ್ಚೀನಿ."

ಅವರು ಕೆಮ್ಮು ಬರುವವರೆಗೆ ನಕ್ಕರು. ಮಾತಿನಲ್ಲಿ ಚತುರನಾದ ಹುಡುಗ ಎಂದು ತಿಳಿದರಂತೆ, ಅದು ಆಮೇಲೆ ಗೊತ್ತಾಯಿತು. ಎಷ್ಟರೊಳಗೆ ಸುಧಾರಿಸಬೇಕು ಎಂದು ಕೇಳಿದರು. ನಾಡು ಒಂದಾಗುವುದರೊಳಗೆ ಎಂದೆ. ಮುದುಕರು ನನ್ನ ಹೆಗಲ ಮೇಲೆ ಕೈಯಿಟ್ಟು, "ಎಲ್ಲಾ ಹುಡುಗರೂ ನಿನ್ನಂಗ ಧಾತು ಗಟ್ಟಿ ಮಾಡಿಕೋಬೇಕಂತ ಓಡಿ ಬಂದಿದ್ದರ, ನಾಡು ಒಂದಾಗಾಕ ಇಷ್ಟ ವರ್ಷ ಯಾಕ ಬೇಕಾಗತಿತ್ತೋ ತಮ್ಮಾ!" ಎಂದರು. ಏಕೀಕರಣ ತಡವಾದದ್ದಕ್ಕೆ ಇದೂ ಒಂದು ಕಾರಣವೆಂದು ನನಗೆ ಗೊತ್ತಾದದ್ದು ಅಂದೇ.

ಆಮೇಲೆ ಒಂದು ಚೀಟಿ ಬರೆದುಕೊಟ್ಟರು. ಉಣ್ಣು, ತಿನ್ನು, ಕುಡಿ, ನಡೆ, ಓಡು, ಈಜು, ಏಳು. "ಮೊದಲಿಗೆ ಇಷ್ಟ ಸಾಕು. ಬೆಳಿಗ್ಗೆ ಜಲ್ದಿ ಏಳಬೇಕು, ಬಯಲಾಗ ನಿಂದರಬೇಕು. ಒಂದೊಂದನ್ನೂ ನಾಭಿಯಿಂದ ಮಾಡಬೇಕು, ಬರೇ ತುಟಿಯಿಂದಲ್ಲ" ಎಂದರು. ನನಗೆ ಕಣ್ಣು ತುಂಬಿ ಬಂತು. ಇಷ್ಟು ಸರಳವಾದ, ಇಷ್ಟು ಸ್ಪಷ್ಟವಾದ ಚಿಕಿತ್ಸೆಯನ್ನು ನಾನು ಕಂಡಿರಲಿಲ್ಲ. ಗುಳಿಗೆ ಇಲ್ಲ, ಲೇಹ್ಯ ಇಲ್ಲ. ಆ ವಾರ ಚೀಟಿಯಲ್ಲಿದ್ದುದನ್ನು ಅಕ್ಷರಕ್ಕಕ್ಷರ ಪಾಲಿಸಿದೆ. ಹೊಟ್ಟೆ ಬಿರಿಯೆ ಉಂಡೆ. ಎಮ್ಮೆಯ ಹಾಲು ಕುಡಿದೆ. ಶಿರಹಟ್ಟಿಯ ಹೊರಗೆ ಎರೆಹೊಲಗಳ ನಡುವಿನ ಗಾಡಿದಾರಿಯಲ್ಲಿ ನಡೆದೆ, ಓಡಿದೆ. ಈಜು ಬರುತ್ತಿರಲಿಲ್ಲ. ಆದರೂ ಒಂದು ಬಾವಿಗೆ ಇಳಿದು, ಕುಂಬಳಬುರುಡೆ ಕಟ್ಟಿಕೊಂಡು ಕೈಕಾಲು ಬಡಿದೆ. ಮುಂದಿನ ರವಿವಾರ ಪಂಡಿತರ ಮುಂದೆ ಕೈಕಟ್ಟಿ ನಿಂತೆ.

"ಮಾಡಿದ್ಯಾ?" ಎಂದರು.

"ಎಲ್ಲಾ ಮಾಡಿದ್ನಿರಿ. ಉಂಡೆ, ತಿಂದೆ, ಕುಡಿದೆ, ನಡೆದೆ, ಓಡಿದೆ, ಈಜಿದೆ, ಎದ್ದೆ."

"ಶಾಬಾಸ್! ಒಂದ ವಾರದಾಗ ಭೂತಕಾಲ ಪೂರಾ ಆತಲ್ಲೋ! ಇನ್ನ ಭವಿಷ್ಯ?"

"ಭವಿಷ್ಯದ್ದ ಚಿಂತಿ ಆಗೈತ್ರಿ."

"ಚಿಂತಿ ಬ್ಯಾಡ. ಭೂತ ಗಟ್ಟಿ ಇದ್ದಾಂವಗ ಭವಿಷ್ಯ ತಾನ ಬರತೈತಿ" ಎಂದು ಬೆನ್ನು ತಟ್ಟಿದರು. ಅಂದು ನಾನು ಬಸ್‌ನಿಲ್ದಾಣದವರೆಗೆ ನಡೆದದ್ದೇ ಗೊತ್ತಾಗಲಿಲ್ಲ.

ಮೂರನೆಯ ರವಿವಾರ ಹೋದಾಗ ಪಡಸಾಲೆಯಲ್ಲಿ ಇನ್ನೂ ನಾಲ್ಕು ಮಂದಿ ಕೂತಿದ್ದರು. ಎಲ್ಲರೂ ನನ್ನಂತೆಯೇ ಕಚೇರಿಯ ಕಾರಕೂನರು. ಪಾಪ, ಇವರಿಗೂ ಇದೇ, ಎಂದು ಒಬ್ಬೊಬ್ಬರ ಮುಖವನ್ನೂ ಮರುಕದಿಂದ ನೋಡಿದೆ. ಒಬ್ಬನಿಗಂತೂ ಕಿವಿಯವರೆಗೆ ಮೀಸೆ ಇತ್ತು. ಅಷ್ಟರಲ್ಲಿ ಪಂಡಿತರು ಗೋಡೆಗೆ ಒರಗಿಸಿದ ಹಲಗೆಯ ಮೇಲೆ ಖಡುವಿನಿಂದ ಬರೆದರು: "ಕ್ರಿಯಾಪದದ ಮೂಲರೂಪಕ್ಕೆ ಧಾತು ಎನ್ನುತ್ತಾರೆ." ಓದಿದೆ. ಇನ್ನೊಮ್ಮೆ ಓದಿದೆ. ಮರಾಠಿ ಶಾಲೆಯಲ್ಲೂ ಈ ಮಾತನ್ನು ಹೇಳಿಕೊಟ್ಟಿರಬೇಕು, ವ್ಯಾಕರಣದ ತಾಸಿನಲ್ಲಿ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಏಕೀಕರಣವಾದರೆ ಕಾಗದಪತ್ರವೆಲ್ಲ ಕನ್ನಡದಲ್ಲಿ ಆಗುತ್ತದೆಂದು ಕಾರಕೂನರೆಲ್ಲ ಈ ಮುದುಕರ ಬಳಿ ವ್ಯಾಕರಣ ತಿದ್ದಿಕೊಳ್ಳಲು ಬರುತ್ತಿದ್ದರು. ಗೋವಿಂದರಾಯರು ಹೇಳಿದ್ದು ಇದನ್ನು. ತಮ್ಮನಿಗೆ ಏನೇನೂ ಉಳಿದಿರಲಿಲ್ಲ ಎಂದದ್ದೂ ಇದನ್ನೇ. ನೆಲ ಬಾಯಿಬಿಟ್ಟರೆ ಇಳಿದುಬಿಡೋಣ ಎನಿಸಿತು.

ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಪಂಡಿತರಿಗೆ ಏನೆಂದು ಹೇಳಿ ಹೋಗಲಿ? ಅವರು ನನ್ನ ಕಡೆ ಕೈಮಾಡಿ, "ಈಜು ಅಂದರ ಈಜೇ ಬಂದಾನ ಇಂವ. ಹಿಂಗ ಕಲೀಬೇಕು!" ಎಂದು ಉಳಿದವರಿಗೆ ಹೇಳುತ್ತಿದ್ದರು. ಅಷ್ಟು ಹೆಮ್ಮೆಯಿಂದ ನನ್ನನ್ನು ಯಾರೂ ಎಂದೂ ನೋಡಿರಲಿಲ್ಲ. ಅದೂ ಅಲ್ಲದೆ, ಉಂಡಿ ಆಯಿತು, ಗರಡಿ ಆಯಿತು, ಬ್ಲೇಡು ಆಯಿತು, ನನಗೆ ಬೇರೆ ಚಿಕಿತ್ಸೆಯಾದರೂ ಎಲ್ಲಿತ್ತು? ಓಟದಿಂದ ಹಸಿವು ಹೆಚ್ಚಿದ್ದಂತೂ ಖರೆ. ಒಂದು ಧಾತು ಗಟ್ಟಿಯಾಗದಿದ್ದರೆ ಇನ್ನೊಂದಾದರೂ ಆಗಲಿ ಎಂದು ಹಲ್ಲು ಕಚ್ಚಿ ಕೂತೆ.

ಮುಂದಿನ ನಾಲ್ಕು ತಿಂಗಳು ನಾನು ಪಟ್ಟ ಪಾಡು ಕಪ್ಪತಗುಡ್ಡಕ್ಕೆ ಗೊತ್ತು. ಬೆಳಗಾಗುತ್ತಿದ್ದಂತೆ ಹೊಲದ ಬದುವಿನ ಮೇಲೆ ನಿಂತು, ಗುಡ್ಡದ ಕಡೆ ಮುಖ ಮಾಡಿ, ನಾಭಿಯಿಂದ ಕೂಗುತ್ತಿದ್ದೆ: ಮಾಡಿದನು! ಮಾಡುವನು! ಮಾಡನು! ಕುರಿ ಕಾಯುವವರು ಮೊದಮೊದಲು ಕುರಿಗಳನ್ನು ಬೇರೆ ಕಡೆ ಹೊಡೆದುಕೊಂಡು ಹೋದರು. ಗಂಟಲು ಬಿತ್ತು, ಮೆಣಸಿನ ಕಷಾಯ ಕುಡಿದು ಮತ್ತೆ ಹೋದೆ. ಮಳೆ ಬಂತು, ಕಂಬಳಿ ಹೊದ್ದು ಹೋದೆ. ಕಚೇರಿಯ ಮಂದಿ ನಕ್ಕರು, ನಗಲಿ ಎಂದೆ. ನನಗೆ ನೀಲವ್ವ ಬೇಕಿತ್ತು. ಅವಳ ಮುಂದೆ ಅವಳ ಅಪ್ಪ, ಕಕ್ಕಂದಿರ ಸಾಲಿನಲ್ಲಿ ನಿಲ್ಲುವ ಗಂಡಸಾಗಿಯೇ ನಿಲ್ಲಬೇಕಿತ್ತು. ಎರಡು ತಿಂಗಳಿಗೆ ಧ್ವನಿ ಒಡೆಯಿತು. ನಾಲ್ಕು ತಿಂಗಳಿಗೆ ನನ್ನ ಗಂಟಲಿನಿಂದ ಯಾರೋ ಅಪರಿಚಿತರು ಮಾತಾಡತೊಡಗಿದರು. ತುಟಿಯ ಮೇಲೆ ಮೀಸೆ ಎಂದು ಕರೆದರೆ ತಾನೇ ಎಂದು ತಿರುಗಿ ನೋಡುವಂಥದ್ದು ಒಂದು ಬಂತು. ದೊಡ್ಡಾಟದ ಮಾಸ್ತರ ಮತ್ತೆ ಬಂದ. "ಸಾಹೇಬ್ರ, ರಾಣಿ ಬ್ಯಾಡ್ರಿ. ರಾಕ್ಷಸನ ಪಾತ್ರ ಖಾಲಿ ಐತಿ" ಎಂದ. ನನ್ನ ಜೀವನದಲ್ಲಿ ಅಷ್ಟು ಸಂತೋಷ ಕೊಟ್ಟ ಮಾತು ಇನ್ನೊಂದಿಲ್ಲ.

ಅಕ್ಟೋಬರಿನಲ್ಲಿ ಬಸವಂತಪ್ಪನವರು ಗದಗಿಗೆ ಬಂದವರು, ಅಳಿಯ ಪ್ರತಿ ರವಿವಾರ ಎಲ್ಲಿಗೆ ಹೋಗುತ್ತಾನೆ ನೋಡೋಣ ಎಂದು ಬೆಟಗೇರಿಗೂ ಹೋದರು. ಹುಡುಗ ಹೇಗಿದ್ದಾನೆ ಎಂದು ಪಂಡಿತರನ್ನು ಕೇಳಿದರು. ಪಂಡಿತರು ಪ್ರೀತಿಯಿಂದ, "ಬಂದಾಗ ಧಾತು ಭಾಳ ಅಂದರ ಭಾಳ ದುರ್ಬಲ ಇತ್ತು. ನಾನ ಕೈಹಿಡದು ಸುಧಾರಿಸೀನಿ. ಇನ್ನ ಮದುವಿ ಮಾಡಿಕೊಡ್ರಿ, ಅಂಜಿಕಿ ಇಲ್ಲ" ಎಂದರಂತೆ. ಬಸವಂತಪ್ಪನವರು ಅಲ್ಲಿಂದ ನೆಟ್ಟಗೆ ಶಿರಹಟ್ಟಿಯ ಕಚೇರಿಗೆ ಬಂದರು. ಮಧ್ಯಾಹ್ನದ ಹೊತ್ತು, ಕಚೇರಿ ತುಂಬಿತ್ತು. ಬಾಗಿಲಲ್ಲೇ ನಿಂತು, ಹೊಳೆಯ ಆಚೆ ದಂಡೆಗೆ ಕೇಳುವ ಧ್ವನಿಯಲ್ಲಿ, "ಧಾತು ದುರ್ಬಲ ಇಟ್ಟಗೊಂಡು ನನ್ನ ಮಗಳನ್ನ ಬೇಡಾಕ ಬಂದಿದ್ದಿಯೇನೋ?" ಎಂದು ಗುಡುಗಿದರು.

ಐದು ತಿಂಗಳ ಹಿಂದಿನವನಾಗಿದ್ದರೆ ಮೇಜಿನ ಕೆಳಗೆ ಹೋಗುತ್ತಿದ್ದೆ. ಅಂದು ನನಗೇ ಗೊತ್ತಾಗದಂತೆ ಎದ್ದು ನಿಂತೆ. ನೀಲವ್ವ ಕೈತಪ್ಪಿ ಹೋಗುತ್ತಾಳೆ ಎಂಬುದೊಂದೇ ತಲೆಯಲ್ಲಿತ್ತು. "ಇದ್ದದ್ದು ಖರೆ! ಈಗ ಗಟ್ಟಿ ಅದಾವ್ರಿ!" ಎಂದೆ. ನಾಭಿಯಿಂದ ಬಂತು. ಕಿಟಕಿಯ ಗಾಜು ನಡುಗಿತು. ಬಸವಂತಪ್ಪನವರು ಒಂದು ಹೆಜ್ಜೆ ಹಿಂದೆ ಸರಿದರು. ಅಷ್ಟರಲ್ಲಿ ಗೋವಿಂದರಾಯರು ಕೈಮುಗಿಯುತ್ತ ನಡುವೆ ಬಂದರು. "ಖರೇನ ಅದರೀ ಯಜಮಾನ್ರ. ಇಂವ ಒಬ್ಬಾಂವಂದ ಅಲ್ಲ. ನಮ್ಮ ಕಚೇರ್ಯಾಗ ಎಲ್ಲಾರದೂ ದುರ್ಬಲನ ಇತ್ತು. ನಂದೂ ಇತ್ತು. ಸಾಹೇಬ್ರದಂತೂ ಕೇಳಬ್ಯಾಡ್ರಿ, ಈಗೂ ಹಂಗ ಅದ" ಎಂದರು.

"ಇಡೀ ಕಚೇರೀದ?" ಬಸವಂತಪ್ಪನವರು ಬಾಕಿನ ಮೇಲೆ ಕುಸಿದರು.

"ನಮ್ಮದಷ್ಟ ಅಲ್ರಿ, ಲಕ್ಷ್ಮೇಶ್ವರದ್ದೂ ಹಂಗ. ಸಂಸ್ಥಾನದಾಗ ಇದ್ದವ್ರದೆಲ್ಲಾ ಹಿಂಗ ಆಗೇದ. ಏಕೀಕರಣ ಆದಮ್ಯಾಲೆ ಸುಧಾರಿಸಿಕೊಳ್ಳದಿದ್ದರ ಸರಕಾರ ಬಿಡೂದಿಲ್ಲ."

ಆ ಮನುಷ್ಯನ ಮುಖದಲ್ಲಿದ್ದ ಸಿಟ್ಟು ಹೋಗಿ, ನಾಡಿನ ಬಗ್ಗೆ ಒಂದು ದೊಡ್ಡ ದುಃಖ ಬಂತು. ನಾನು ತಡಮಾಡದೆ ಖಾನೆಯಲ್ಲಿದ್ದ ಪಾಠದ ವಹಿಯನ್ನು ತೆಗೆದು ಅವರ ತೊಡೆಯ ಮೇಲಿಟ್ಟೆ. ಅವರು ಮೊದಲ ಪುಟದ ಸಾಲನ್ನು ಬೆರಳಿಟ್ಟು, ಅಕ್ಷರ ಕೂಡಿಸಿ ಓದಿದರು. ಓದಿ ಮುಗಿಸಿ ನನ್ನ ಮುಖ ನೋಡಿದರು. ಆಮೇಲೆ ನಕ್ಕ ನಗೆಗೆ ಹೊರಗಿನ ಬೇವಿನ ಮರದ ಕಾಗೆಗಳೆಲ್ಲ ಎದ್ದವು. ಎಲ್ಲವೂ ವ್ಯಾಕರಣದ ಲೆಕ್ಕಕ್ಕೆ ಹೋಯಿತು. ನಾನು ಮೊದಲು ಯಾತಕ್ಕೆ ಹೋಗಿದ್ದೆ ಎಂಬುದನ್ನು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನವೆಂಬರ್ ಒಂದರ ಮೆರವಣಿಗೆಯಲ್ಲಿ ಘೋಷಣೆ ಕೂಗುವ ಕೆಲಸ ನನಗೇ ಬಂತು. ನಾಡು ಒಂದಾಗುವುದು ತಡವಾಗಲಿ ಎಂದು ಬೇಡಿಕೊಂಡಿದ್ದ ಪಾಪವನ್ನು ಅಂದು ಕೂಗಿ ಕೂಗಿ ತೊಳೆದುಕೊಂಡೆ. ಅದೇ ವರ್ಷದ ಕೊನೆಗೆ ಮುಂಡರಗಿಯಲ್ಲಿ ಮದುವೆಯಾಯಿತು. ಪಂಡಿತರು ಬಂದು ಅಕ್ಷತೆ ಹಾಕಿ ಹೋದರು.

ಮದುವೆಯಾಗಿ ವಾರ ಕಳೆದಿತ್ತು. ಮಾವನ ಮನೆಯ ಹಿತ್ತಿಲಲ್ಲಿ ಎಳೆಬಿಸಿಲು. ನೀಲವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವಳ ಮುಂದೆ ಮುಚ್ಚಿಡುವುದು ಸರಿಯಲ್ಲ ಎನಿಸಿ, ಪುಠಾಣಿಯ ಕಾಗದದಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. ಅಂಟಿನ ಉಂಡಿಗೆ ಬರುವಷ್ಟರಲ್ಲಿ ಅವಳು ನಗತೊಡಗಿದ್ದಳು. ಈಜಿದ್ದಕ್ಕೆ ಬಂದಾಗ ಮೊರ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಮತ್ತೆ ಮೊರ ಎತ್ತಿಕೊಂಡಳು.

"ಒಂದ ಮಾತ ಹೇಳ್ಲ್ಯಾ? ಸಿಟ್ಟ ಮಾಡಬಾರದು ಮತ್ತ" ಎಂದಳು. "ಈ ಮನ್ಯಾಗ ಉಪ್ಪ ಬೇಡಿದರೂ ಓಣಿಗೆ ಕೇಳಬೇಕು. ಹುಟ್ಟಿದಾಗಿಂದ ನನ್ನ ಕಿವಿಗೆ ಪುರಸತ್ತ ಇಲ್ಲ. ಅಪ್ಪ ಒದರಿದರ ಕಕ್ಕ ಒದರಬೇಕು, ಕಕ್ಕ ಒದರಿದರ ಅಪ್ಪ. ನೀವು ನೋಡಾಕ ಬಂದ ದಿವಸ ಚಹಾದ ಬಟ್ಟಲ ತಗೊಂಡು 'ಬಿಸಿ ಐತಿ, ಕೈ ಸುಟ್ಟೀತು' ಅಂದ್ರಿ. ಅಷ್ಟ ಮೆತ್ತಗ ಮಾತಾಡೂ ಗಂಡಸನ್ನ ನಾ ನೋಡೇ ಇದ್ದಿಲ್ಲ. ಅಪ್ಪ ಬ್ಯಾಡಂದ. ಕಕ್ಕಂದಿರೂ ಬ್ಯಾಡಂದ್ರು. ಮೂರ ದಿನ ಉಪವಾಸ ಕುಂತು, ಆದರ ಇವರನ್ನ ಅಂತ ಹಟಾ ಹಿಡದಿದ್ದೆ." ಒಂದು ಹಿಡಿ ಜೋಳ ಎತ್ತಿ ಮತ್ತೆ ಮೊರಕ್ಕೆ ಸುರಿದಳು. "ಆ ದನೀನ ಏನ ಮಾಡಿ ಬಂದ್ರಿ?"

ಅವಳ ಹತ್ತಿರ ಬಗ್ಗಿ, ನನ್ನಿಂದ ಸಾಧ್ಯವಿದ್ದಷ್ಟು ಮೆಲ್ಲಗೆ, "ಆತು, ಇನ್ನ ಮ್ಯಾಲೆ ಮೆತ್ತಗ ಮಾತಾಡತೀನಿ" ಎಂದೆ.

ಗೋಡೆಯ ಮೇಲಿದ್ದ ಬೆಕ್ಕು ಹಾರಿ ಓಡಿತು. ಅಡುಗೆಮನೆಯಿಂದ ಅತ್ತೆ ಹಿಟ್ಟಿನ ಕೈಯಲ್ಲೇ ಗಾಬರಿಯಾಗಿ ಬಂದರು. "ಯಾಕ್ರೀ ಅಳಿಯಂದ್ರ, ಯಾಕ ಸಿಟ್ಟಿಗೆದ್ದೀರಿ? ಏನ ಕಡಿಮಿ ಆತ್ರೀ ನಿಮಗ?" ಎಂದು ಕೇಳಿದರು. ನನಗೆ ಏನು ಕಡಿಮೆಯಾಗಿದೆ ಎಂಬುದು ನನಗೆ ಸರಿಯಾಗಿ ಗೊತ್ತಾದದ್ದು ಅದೇ ಮೊದಲು.